ಮುಂದಿನ ಸೀಟು ಬೇಡ ಎಂದವನು

ಕಣ್ಣು ಬಿಟ್ಟೆ. ಕತ್ತಲು.

ಕಣ್ಣು ಮುಚ್ಚಿದೆ. ಅದೇ ಕತ್ತಲು!

ತಲೆಯ ಹಿಂಭಾಗ ಧಗಧಗ ಉರಿಯುತ್ತಿತ್ತು. ಕೂದಲಿಗೆ ಕೈ ಹಾಕಿದರೆ ಬೆರಳಿಗೆ ಅಂಟು... ರಕ್ತ. ಎದೆಯ ಮೇಲೆ ಯಾರದೋ ಸೂಟ್‌ಕೇಸು. ಕಾಲಿನ ಮೇಲೆ ಇನ್ಯಾರದೋ ಸೂಟ್‌ಕೇಸು. ಪಕ್ಕೆಗೆ ಚುಚ್ಚುತ್ತಿದ್ದದ್ದು ಒಂದು ಛತ್ರಿ. ನೆಲ ಗಡಗಡ ನಡುಗುತ್ತಿತ್ತು. ಮೂಗಿನ ತುಂಬ ಡೀಸೆಲ್ ವಾಸನೆ.

ನಾನು ಟೂರಿಸ್ಟ್ ಬಸ್ಸಿನ ಡಿಕ್ಕಿಯಲ್ಲಿದ್ದೆ. ಬಸ್ಸು ಓಡುತ್ತಿತ್ತು!

ನನ್ನ ತಲೆಯ ಮೇಲೆ, ಒಂದೇ ಒಂದು ತಗಡಿನ ಆಚೆ, ನಲವತ್ತು ಜನ ಚಪ್ಪಾಳೆ ತಟ್ಟಿಕೊಂಡು ಹಾಡುತ್ತಿದ್ದರು. ನನ್ನದೇ ಗ್ರೂಪು. ನಾನು ಕರೆತಂದ ಜನ.

ಮುಷ್ಟಿ ಬಿಗಿದು ತಗಡಿಗೆ ಗುದ್ದಿದೆ. ದಡ್! ದಡ್! ದಡ್!

ಹಾಡು ನಿಂತಿತು. ಹೋದ ಜೀವ ಬಂದ ಹಾಗಾಯಿತು.

ಮತ್ತೆ ಗುದ್ದಿದೆ. ದಡ್! ದಡ್! ದಡ್!

ಹಾಡು ಮತ್ತೆ ಶುರುವಾಯಿತು... ನನ್ನ ಗುದ್ದಿನ ತಾಳಕ್ಕೆ ಸರಿಯಾಗಿ! ಮೊದಲಿಗಿಂತ ಜೋರಾಗಿ!

ಇಂಥವರನ್ನು ಕಟ್ಟಿಕೊಂಡು ನಾನು ದೇಶ ಸುತ್ತುವುದು, ಸ್ವಾಮಿ. ಹೊಟ್ಟೆಪಾಡು.

ಒಂದು ಕಾಲದಲ್ಲಿ ನಾನು ಪತ್ತೇದಾರ. ಕಳ್ಳರನ್ನು ಹಿಡಿಯುತ್ತಿದ್ದೆ, ಓಡಿಹೋದವರನ್ನು ಹುಡುಕುತ್ತಿದ್ದೆ, ಒದೆ ತಿನ್ನುತ್ತಿದ್ದೆ, ಒದೆ ಕೊಡುತ್ತಿದ್ದೆ. ಮಂಡಿ ಹಾಳಾದ ಮೇಲೆ ಒಂದು ಟ್ರಾವೆಲ್ ಕಂಪನಿಯ ಧಣಿ ಕರೆದ. "ಫಾರಿನ್ ಟೂರ್ ಮ್ಯಾನೇಜರ್ ಆಗಿ ಬಾರಯ್ಯಾ. ಓಡೋ ಕೆಲಸ ಇಲ್ಲ, ಆರಾಮ್ ಕೆಲಸ" ಅಂದ. ಆರಾಮ್! ಕಳ್ಳನನ್ನು ಹಿಡಿಯುವುದು ಸುಲಭ. ಊಟ ಮುಗಿಸಿದ ನಲವತ್ತು ಜನರನ್ನು ಒಂದೇ ಸಲಕ್ಕೆ ಬಸ್ ಹತ್ತಿಸಿ ನೋಡಿ... ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದಷ್ಟೇ ಸುಖ. ಒಂದನ್ನು ಹಾಕುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ.

ನಮ್ಮ ಟೂರುಗಳು ಚಿಕ್ಕವು. ಮೊದಲು ಒಂದು ಹೊಸ ನಗರ: ಗಾಜಿನ ಕಟ್ಟಡ, ಮೋಡದವರೆಗೆ ಹೋಗುವ ಲಿಫ್ಟು, ಮಾಲು. ಆಮೇಲೆ ಒಂದು ಹಳೇ ನಗರ: ಕಂಬ, ಗೋಡೆ, ಬಿದ್ದ ಕಲ್ಲು. ಹೊಸದರಲ್ಲಿ "ಇನ್ನೊಂದು ಗಂಟೆ ಇರೋಣ" ಅನ್ನುತ್ತಾರೆ. ಹಳೇದರಲ್ಲಿ "ಇಷ್ಟೇನಾ?" ಅನ್ನುತ್ತಾರೆ. ಎರಡಕ್ಕೂ ನಾನೇ ಹೊಣೆ!

ಕೂರುವುದರಲ್ಲೂ ಜಗಳ. ಕಿಟಕಿ ಪಕ್ಕದ ಮುಂದಿನ ಸೀಟಿಗಾಗಿ ಒಡಹುಟ್ಟಿದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನನ್ನದೊಂದು ರೂಲು. ದಿನಾ ಬೆಳಿಗ್ಗೆ ಎಲ್ಲರೂ ಎರಡೆರಡು ಸಾಲು ಮುಂದಕ್ಕೆ ಬರಬೇಕು. ಮುಂದಿದ್ದವರು ಹಿಂದಕ್ಕೆ ಹೋಗಬೇಕು. ಸರದಿ ಪ್ರಕಾರ ಎಲ್ಲರಿಗೂ ಮುಂದಿನ ಸೀಟು.

ಆ ರೂಲೇ ಇವತ್ತು ಬೆಂಕಿ ಹಚ್ಚಿದ್ದು.

ಇವತ್ತು ಬೆಳಿಗ್ಗೆ ಹೋಟೆಲ್ ಬಾಗಿಲಲ್ಲಿ ಬಸ್ಸು ಹತ್ತಿಸುತ್ತಿದ್ದೆ. ಮೂರನೇ ಸಾಲಿನ ಕಿಟಕಿಯಲ್ಲಿ ಕ್ಯಾಮೆರಾ ಸಾಹೇಬರು ಅಲ್ಲಾಡದೆ ಕೂತಿದ್ದರು. ಒಬ್ಬರೇ ಬಂದಿದ್ದ ಪ್ರಯಾಣಿಕ. ಕತ್ತಿನಲ್ಲಿ ದೊಡ್ಡ ಕ್ಯಾಮೆರಾ, ಮುಖದಲ್ಲಿ ಸದಾ ನಗು. ಇಡೀ ಟ್ರಿಪ್ಪಿನಲ್ಲಿ ಒಂದು ಕಂಪ್ಲೇಂಟ್ ಇಲ್ಲ. ಗ್ರೂಪ್ ಫೋಟೋ ಅಂದರೆ "ಕೊಡಿ, ನಾನು ತೆಗೀತೀನಿ" ಎಂದು ಮುಂದೆ ಬರುತ್ತಿದ್ದರು. ನಲವತ್ತು ಜನರಲ್ಲಿ ಇವರೊಬ್ಬರೇ ಮನುಷ್ಯ ಅಂದುಕೊಂಡಿದ್ದೆ.

"ಸಾರ್, ಇವತ್ತು ನಿಮಗೆ ಮುಂದಿನ ಸೀಟು" ಅಂದೆ.

"ಪರವಾಗಿಲ್ಲ ಸರ್. ನಾನು ಇಲ್ಲೇ ಇರ್ತೀನಿ. ಮುಂದಿಂದು ಬೇರೆ ಯಾರಿಗಾದ್ರೂ ಕೊಡಿ."

ಖುಷಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ!

ಅಷ್ಟರಲ್ಲಿ ಹಿಂದಿನಿಂದ ಒಂದು ಧ್ವನಿ. "ಅದು ಹೇಗಾಗತ್ತೆ? ಇವತ್ತು ಆ ಸೀಟು ನಂದು."

ದೊಡ್ಡಮ್ಮ. ರಿಟೈರಾದ ಹೆಡ್‌ಮಿಸ್. ಬದುಕಿಡೀ ಇತಿಹಾಸ ಪಾಠ ಮಾಡಿದವರು. ನನಗೆ ದೊಡ್ಡಮ್ಮ ಅಲ್ಲ, ಯಾರಿಗೂ ಅಲ್ಲ. ಆದರೆ ಮೊದಲ ದಿನವೇ ಇಡೀ ಬಸ್ಸಿಗೆ ದೊಡ್ಡಮ್ಮ ಆಗಿಬಿಟ್ಟಿದ್ದರು.

"ದೊಡ್ಡಮ್ಮಾ, ಅವರು ಮುಂದಿನ ಸೀಟೇ ಬಿಟ್ಟುಕೊಡ್ತಿದಾರೆ. ನೀವೇ ಹೋಗಿ ಕೂತ್ಕೊಳ್ಳಿ."

"ಇನ್ನೊಬ್ಬರ ಸರದಿ ನನಗ್ಯಾಕಪ್ಪಾ? ನನ್ನ ಸರದಿ ನನಗೆ ಕೊಡು. ರೂಲ್ ಮಾಡಿದೋನು ನೀನೇ ಅಲ್ವಾ?"

ಕ್ಯಾಮೆರಾ ನಕ್ಕರು. ಎದ್ದರು. ಮುಂದೆ ಹೋಗಿ ಡ್ರೈವರಿನ ಹಿಂದೆ ಕೂತರು. ಕಂಪನಿ ಎಲ್ಲರಿಗೂ ಕೊಟ್ಟಿದ್ದ ಕಿತ್ತಳೆ ಬಣ್ಣದ ಬ್ಯಾಗು ಮಾತ್ರ ಮೂರನೇ ಸಾಲಿನ ಸೀಟಿನ ಕೆಳಗೇ ಉಳಿದಿತ್ತು.

"ಇವ್ರೇ, ನಿಮ್ಮ ಬ್ಯಾಗ್ ಮರೆತಿದೀರಿ!" ದೊಡ್ಡಮ್ಮ ಎತ್ತಿ ಕೊಟ್ಟರು. ಕೈಯಿಂದ ಕೈಗೆ ದಾಟಿ ಬ್ಯಾಗು ಮುಂದೆ ಹೋಯಿತು. ಆ ಜಾಗದಲ್ಲಿ ದೊಡ್ಡಮ್ಮ ತಮ್ಮ ಕಿತ್ತಳೆ ಬ್ಯಾಗು ತಳ್ಳಿಕೊಂಡರು.

ಬ್ಯಾಗು ಮಡಿಲಿಗೆ ಬಂದಾಗ ಕ್ಯಾಮೆರಾ ಮುಖದಲ್ಲಿ ನಗು ಇರಲಿಲ್ಲ. ನಾನು ನೋಡಿದೆ. ನೋಡಿ ಸುಮ್ಮನಾದೆ... ಯಾಕೆಂದರೆ ಅದೇ ಹೊತ್ತಿಗೆ ಸಕ್ಕರೆ ಮಾವನಿಗೆ ಮತ್ತೆ ಬಾತ್‌ರೂಮಿಗೆ ಹೋಗಬೇಕಾಗಿತ್ತು!

ಸಕ್ಕರೆ ಮಾವ ಯಾರೆಂದರೆ, ಮೈಯಲ್ಲಿ ಸಕ್ಕರೆ ಕಾಯಿಲೆ, ಬಾಯಲ್ಲಿ ಸಿಹಿ ಮಾತು. ಹೆಂಡತಿ ಜೊತೆ ಬಂದಿದ್ದರು. ಆಕೆ ಇಡೀ ಗ್ರೂಪಿಗೆ ಅತ್ತೆ. ಮಾವ ಬಸ್ಸನ್ನು ಎಲ್ಲಿ ಬೇಕಾದರೂ ನಿಲ್ಲಿಸುತ್ತಿದ್ದರು. ಸೇತುವೆ ಮೇಲೆ, ಸುರಂಗದ ಬಾಯಲ್ಲಿ, ಒಂದು ಸಲ ಯಾರದೋ ಮದುವೆ ಕಾರುಗಳ ಸಾಲಿನ ಮಧ್ಯೆ. ಅವರ ಮೂತ್ರಕೋಶಕ್ಕೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಪಾಳು ನಗರಕ್ಕೆ ಬಂದೆವು. ಇದು ಎರಡನೇ ದಿನ. ನಿನ್ನೆ ಕೋಟೆ ಕಡೆ ನೋಡಿಯಾಗಿತ್ತು. ಇವತ್ತು ಕಂಬಗಳ ಮಂಟಪ, ಸಂಜೆಗೆ ಫ್ಲೈಟು. ಒಳಗೆ ಬ್ಯಾಗು ಬಿಡುವುದಿಲ್ಲ ಎಂದು ಎಲ್ಲರೂ ಬ್ಯಾಗನ್ನು ಸೀಟಿನ ಕೆಳಗೇ ಬಿಟ್ಟು ಇಳಿದರು. ಡ್ರೈವರ್ ಬಾಗಿಲು ತೆರೆದಿಟ್ಟೇ ಟೀ ಕುಡಿಯಲು ಹೋದ.

ಕ್ಯಾಮೆರಾ ಹೊಟ್ಟೆ ಹಿಡಿದುಕೊಂಡು ಬಂದರು. "ಸರ್, ನಾನು ಬಸ್ಸಲ್ಲೇ ಇರ್ತೀನಿ, ಸ್ವಲ್ಪ ಹೊಟ್ಟೆ..."

"ಹೊರಗೆ ಗಾಳಿಗೆ ಸರಿಹೋಗತ್ತೆ ಬನ್ನಿ ಸಾರ್! ನೀವಿಲ್ದೆ ಗ್ರೂಪ್ ಫೋಟೋ ತೆಗೆಯೋರ್ಯಾರು?" ಭುಜದ ಮೇಲೆ ಕೈ ಹಾಕಿ ಎಳೆದುಕೊಂಡು ಹೋದೆ. ಪ್ರೀತಿಯಿಂದ!

ಮಂಟಪಕ್ಕೆ ಮುಕ್ಕಾಲು ಗಂಟೆ. ಹತ್ತು ಆಳೆತ್ತರದ ಕಂಬಗಳು, ಒಂದರ ಹಿಂದೆ ಒಂದು. ಜನ ಸೆಲ್ಫಿಗೆ ಬಿದ್ದರು. ದೊಡ್ಡಮ್ಮ ಮಾತ್ರ ಒಂದು ಕಂಬದ ಬುಡದಲ್ಲಿ ನಿಂತು ಬರೀ ಕೈಯಿಂದ ಕಲ್ಲನ್ನು ಸವರುತ್ತಿದ್ದರು.

"ಇದರ ಚಿತ್ರಾನ ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದೀನಿ ಗೊತ್ತೇನಪ್ಪಾ? ಪುಸ್ತಕದಲ್ಲಿ ಇದ್ದಿದ್ದು ಬೆರಳಿನಷ್ಟು. ಇಷ್ಟು ದೊಡ್ಡದು ಅಂತ ಮಕ್ಕಳಿಗೆ ಹೇಳ್ಲೇ ಇಲ್ಲ ನಾನು... ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?"

"ಟೈಮಿಲ್ಲ ದೊಡ್ಡಮ್ಮಾ! ಬಸ್ಸು! ಊಟ! ಫ್ಲೈಟು!"

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹಿಂದೆ ಬಂದರು. ನನಗೇ ನನ್ನ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟಿಗೂ ಟೈಮಿರಲಿಲ್ಲ.

ಮಂಟಪದ ಎದುರಿಗೇ ಚೆಕ್‌ಪೋಸ್ಟು. ಹೊರಗೆ ಹೋಗುವ ಬಸ್ಸುಗಳನ್ನೆಲ್ಲ ತಡೆದು ನೋಡುತ್ತಿದ್ದರು. ಕಾವಲುಗಾರರು ನಡುಬಾಗಿಲಿಂದ ಹತ್ತಿ ಬ್ಯಾಗು ತೆಗೆಸತೊಡಗಿದರು. ಮೂರನೇ ಸಾಲು. ಕಿತ್ತಳೆ ಬ್ಯಾಗು. ಒಳಗೆ ಕನ್ನಡಕದ ಡಬ್ಬಿ, ಮಾತ್ರೆ, ಒಂದು ಸ್ವೆಟರು...

ಸ್ವೆಟರಿನ ಕೆಳಗೆ ಒಂದು ಕಲ್ಲಿನ ತಲೆ!

ದಾಳಿಂಬೆ ಗಾತ್ರ. ಅರ್ಧ ಮುಚ್ಚಿದ ಕಣ್ಣು. ಕತ್ತಿನ ಹತ್ತಿರ ಹೊಸದಾಗಿ ಒಡೆದ ಬಿಳಿ ಗುರುತು.

"ಇದು ನಂದಲ್ಲ" ಅಂದರು ದೊಡ್ಡಮ್ಮ. ಧ್ವನಿ ನಡುಗಲಿಲ್ಲ.

ಚೆಕ್‌ಪೋಸ್ಟಿನ ಆಫೀಸರ್ ಹರಕು ಇಂಗ್ಲಿಷಿನಲ್ಲಿ ವಿವರಿಸಿದ. ಕೋಟೆಯ ಗೂಡಿನಲ್ಲಿದ್ದ ಪುಟ್ಟ ವಿಗ್ರಹ. ನಿನ್ನೆ ಯಾರೋ ಎರಡು ತುಂಡು ಮಾಡಿದ್ದಾರೆ. ಮೈ ನಿನ್ನೆಯೇ ಮಾಯ. ತಲೆ ಇಲ್ಲಿ ಸಿಕ್ಕಿದೆ. ಈ ದೇಶದಲ್ಲಿ ಇದಕ್ಕೆ ಜಾಮೀನಿಲ್ಲ, ಜೈಲೇ. ಎಷ್ಟು ವರ್ಷ ಎಂದು ಕೇಳಿದೆ. ಅವನು ದೊಡ್ಡಮ್ಮನ ಬಿಳಿ ಕೂದಲು ನೋಡಿ ಮುಖ ತಿರುಗಿಸಿದ.

"ಆಕೆ ಅಲ್ಲ! ಯಾರೋ ಇಟ್ಟಿದಾರೆ!"

"ಯಾರು?"

"ಗೊತ್ತಿಲ್ಲ!"

"ಮೈ ತಗೊಂಡು ಬಾ. ಆಮೇಲೆ ಮಾತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಳ್ಳ ಸಿಕ್ಕಾಯಿತು ಎಂದು ಹುಡುಕುವುದನ್ನೂ ಅಲ್ಲಿಗೇ ನಿಲ್ಲಿಸಿದರು. ಡಿಕ್ಕಿ ಕಡೆ ತಿರುಗಿ ಕೂಡ ನೋಡಲಿಲ್ಲ. ದೊಡ್ಡಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂರಿಸಿದರು.

"ತಮ್ಮಾ" ಅಂತ ಕರೆದರು. ಮೊದಲ ಸಲ ಹಾಗೆ ಕರೆದದ್ದು. "ನನ್ನ ಬಿಟ್ಟು ಹೋಗ್ತೀಯಾ?"

"ಇಲ್ಲ ದೊಡ್ಡಮ್ಮಾ."

ಧಣಿಗೆ ಫೋನ್ ಮಾಡಿದೆ.

"ಏನಯ್ಯಾ? ಒಬ್ಬ ಮುದುಕಿಗೋಸ್ಕರ ನಲವತ್ತು ಟಿಕೆಟ್ ಹಾಳ್ಮಾಡ್ತೀಯಾ? ಗ್ರೂಪನ್ನ ಏರ್‌ಪೋರ್ಟಿಗೆ ಸೇರಿಸು. ಆಯಮ್ಮನ್ನ ಎಂಬಸಿಯವರು ನೋಡ್ಕೋತಾರೆ."

"ಆಕೆ ಕದ್ದಿಲ್ಲ ಧಣಿ!"

"ಕದ್ದಿದಾಳೋ ಇಲ್ವೋ ನಂಗೇನು? ಕೆಲಸ ಬೇಕಾ ಬೇಡ್ವಾ?"

ಫೋನ್ ಕಟ್ ಮಾಡಿದೆ. ಗೋಡೆಗೆ ಒದ್ದೆ. ಗೋಡೆ ಅಲ್ಲಾಡಲಿಲ್ಲ, ನನ್ನ ಮಂಡಿ ಅಲ್ಲಾಡಿತು.

ಗ್ರೂಪನ್ನು ಹೈವೇ ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ಕೂರಿಸಿ, ಟ್ಯಾಕ್ಸಿ ಹಿಡಿದು ಚೆಕ್‌ಪೋಸ್ಟಿಗೆ ವಾಪಸು ಬರುವುದು ನನ್ನ ಯೋಚನೆ. ಹೋಟೆಲಿನಲ್ಲಿ ಎಲ್ಲರೂ ಸುತ್ತುವರಿದರು. ಒಬ್ಬರಿಗೆ ದೊಡ್ಡಮ್ಮನ ಚಿಂತೆ, ಇಬ್ಬರಿಗೆ ಫ್ಲೈಟಿನ ಚಿಂತೆ, ಉಳಿದವರಿಗೆಲ್ಲ ಕಿಟಕಿ ಪಕ್ಕದ ಟೇಬಲ್ಲಿನ ಚಿಂತೆ.

"ದೊಡ್ಡಮ್ಮ ಇಲ್ವಲ್ಲ... ಆ ಮೂರನೇ ಸಾಲಿನ ಸೀಟು ಈಗ ನಾನು ತಗೋಬಹುದಾ?" ಎಂದು ಕೇಳಿದಳು ಒಬ್ಬಾಕೆ.

ಬೈಯಲು ಬಾಯಿ ತೆರೆದೆ. ಬಾಯಿ ತೆರೆದೇ ಉಳಿಯಿತು.

ಆ ಸೀಟು!

ನಿನ್ನೆ ಆ ಸೀಟು ಯಾರದು? ಕ್ಯಾಮೆರಾದು. ಅಲ್ಲಿಂದ ಏಳಲು ಒಪ್ಪದವನು ಯಾರು? ಕ್ಯಾಮೆರಾ. ಎದ್ದ ಮೇಲೂ ಬ್ಯಾಗನ್ನು ಅಲ್ಲೇ ಬಿಟ್ಟವನು? ಹೊಟ್ಟೆ ನೋವು ಅಂತ ಬಸ್ಸಲ್ಲೇ ಉಳಿಯಲು ನೋಡಿದವನು? ಇವನು ಒಳಗಿನ ಕಾವಲುಗಾರನೊಬ್ಬನಿಗೆ 'ಮೂರನೇ ಸಾಲು, ಕಿಟಕಿ ಪಕ್ಕ, ಕಿತ್ತಳೆ ಬ್ಯಾಗು' ಎಂದು ಹೇಳಿಟ್ಟಿದ್ದರೆ... ಆ ಕಾವಲುಗಾರನಿಗೆ ನನ್ನ ರೂಲು ಹೇಗೆ ಗೊತ್ತಾಗಬೇಕು? ಅವನು ಹೇಳಿದ ಜಾಗದಲ್ಲಿ ಸರಿಯಾಗಿಯೇ ಇಟ್ಟ. ಸೀಟಿನವರು ಬದಲಾಗಿದ್ದರು, ಅಷ್ಟೇ.

ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದಿದ್ದೇನೆ ಸ್ವಾಮಿ. ಮುಂದಿನ ಸೀಟಿಗೆ ಕಚ್ಚಾಡಿದವರನ್ನು ನೋಡಿದ್ದೇನೆ, ಅತ್ತವರನ್ನು ನೋಡಿದ್ದೇನೆ. ಬೇಡ ಎಂದವನನ್ನು ನೋಡಿದ್ದು ಇದೇ ಮೊದಲು. ಆಗಲೇ ಅವನ ಕಾಲರ್ ಹಿಡಿಯಬೇಕಾಗಿತ್ತು!

ತಲೆ ಬ್ಯಾಗಿಗೆ ಬಂದದ್ದು ಇವತ್ತು. ನಿನ್ನೆಯೇ ಮಾಯವಾದ ಮೈ ಎಲ್ಲಿ? ಕೈಬ್ಯಾಗಿನಲ್ಲಿ ಇಟ್ಟುಕೊಳ್ಳುವಷ್ಟು ದಡ್ಡನಲ್ಲ. ಡಿಕ್ಕಿಯ ಸೂಟ್‌ಕೇಸಿನಲ್ಲಿ!

ಯಾರಿಗೂ ಹೇಳದೆ ಬಸ್ಸಿನ ಹತ್ತಿರ ಓಡಿದೆ. ಡಿಕ್ಕಿಯ ಬಾಗಿಲು ಎತ್ತಿದೆ. ಬಗ್ಗಿದೆ.

"ಏನು ಹುಡುಕ್ತಿದೀರಿ ಸರ್?" ಹಿಂದಿನಿಂದ ಅದೇ ಮೆತ್ತನೆಯ ಧ್ವನಿ.

ತಿರುಗಿದೆ. ಕ್ಯಾಮೆರಾ ನಗುತ್ತಿದ್ದ. ಅವನ ಪಕ್ಕ ಡ್ರೈವರ್, ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರು. ಬಾಗಿಲು ತೆರೆದಿಟ್ಟು ಟೀ ಕುಡಿಯಲು ಹೋದದ್ದು ಸುಮ್ಮನೆ ಅಲ್ಲ ಎಂದು ಹೊಳೆಯಿತು...

ಸ್ಪ್ಯಾನರು ಕೂಡ ಹೊಳೆಯಿತು. ಆಮೇಲೆ ಕತ್ತಲು.

ಹೀಗೆ ನಾನು ಡಿಕ್ಕಿಗೆ ಬಂದದ್ದು.

ಸೊಂಟ ಮುಟ್ಟಿಕೊಂಡೆ. ಪೌಚು ಇಲ್ಲ! ನಲವತ್ತು ಜನರ ಪಾಸ್‌ಪೋರ್ಟು ನನ್ನ ಸೊಂಟದ ಪೌಚಿನಲ್ಲಿರುತ್ತದೆ. ಟೂರ್ ಮ್ಯಾನೇಜರ್ ಅಂದರೆ ಅದೇ. ಫೋನೂ ಇಲ್ಲ. ಎಲ್ಲ ಅರ್ಥವಾಯಿತು. "ಮ್ಯಾನೇಜರ್ ದೊಡ್ಡಮ್ಮನ ಜೊತೆ ಉಳ್ಕೊಂಡ್ರು. ಪಾಸ್‌ಪೋರ್ಟ್ ನನ್ನ ಕೈಗೆ ಕೊಟ್ಟಿದಾರೆ. ನಾವು ಹೊರಡೋಣ" ಎಂದಿರುತ್ತಾನೆ. ಆ ನಗುಮುಖಕ್ಕೆ ಯಾರು ಇಲ್ಲ ಅನ್ನುತ್ತಾರೆ? ನಾನೇ ನಂಬಿರಲಿಲ್ಲವೇ!

ಏರ್‌ಪೋರ್ಟ್ ತಲುಪಿದರೆ ಸೂಟ್‌ಕೇಸಿಗಾಗಿ ಡಿಕ್ಕಿ ತೆಗೆಯಲೇಬೇಕು. ಅಂದರೆ ಅದಕ್ಕೂ ಮುಂಚೆ ನನ್ನನ್ನು ಎಲ್ಲೋ ಇಳಿಸುತ್ತಾರೆ. ಇಳಿಸುವಾಗ ನಾನು ಉಸಿರಾಡುತ್ತಿರಬೇಕು ಎಂದು ರೂಲೇನೂ ಇಲ್ಲ. ಕ್ಯಾಮೆರಾ ಹಾರಿಹೋಗುತ್ತಾನೆ. ಕಲ್ಲಿನ ಮೈ ಅವನ ಜೊತೆ ಹೋಗುತ್ತದೆ. ದೊಡ್ಡಮ್ಮ ಆ ಬೆಂಚಿನ ಮೇಲಿಂದ ಜೈಲಿಗೆ ಹೋಗುತ್ತಾರೆ. ನಾನು ಬಿಟ್ಟು ಹೋದೆ ಅಂದುಕೊಂಡೇ ಹೋಗುತ್ತಾರೆ!

ಕುದಿಯಿತು ರಕ್ತ. ಹುಡುಕು!

ಕತ್ತಲಲ್ಲಿ ತಡಕಾಡಿದೆ. ನಮ್ಮ ಜನ ಸೂಟ್‌ಕೇಸನ್ನು ಹಾಗೇ ಬಿಡುವವರಲ್ಲ. ಗುರುತಿಗೆ ರಿಬ್ಬನ್ನು, ಹಳೇ ಸೀರೆಯ ಚೂರು, ನೈಲಾನ್ ಹಗ್ಗ, ಹಗ್ಗದ ಮೇಲೆ ಟೇಪು. ಕೈಗೆ ಸಿಕ್ಕಿದ್ದಕ್ಕೆಲ್ಲ ಗಂಟು. ಗಂಟು, ಗಂಟು, ಗಂಟು... ಒಂದು ಮಾತ್ರ ನುಣ್ಣಗಿತ್ತು. ಗುರುತು ಬೇಡವಾದವನ ಪೆಟ್ಟಿಗೆ!

ಛತ್ರಿಯ ತುದಿಯನ್ನು ಜಿಪ್ಪಿನ ಬೀಗಕ್ಕೆ ಸಿಕ್ಕಿಸಿ ಮೀಟಿದೆ. ಛತ್ರಿ ಮುರಿಯಿತು. ಕಡ್ಡಿಯಿಂದ ಮೀಟಿದೆ. ಬೆರಳಿನ ಉಗುರು ಕಿತ್ತುಬಂತು. ಯಾರಿಗೆ ಬೈಯಲಿ? ಎಲ್ಲರಿಗೂ ಬೈದೆ. ಧಣಿಗೆ, ಕ್ಯಾಮೆರಾಗೆ, ಮೇಲೆ ಹಾಡುತ್ತಿದ್ದವರಿಗೆ, ಈ ಕಸುಬಿಗೆ!

ಜಿಪ್ಪು ಬಾಯಿ ಬಿಟ್ಟಿತು. ಬಟ್ಟೆಗಳ ನಡುವೆ ಟವೆಲ್ಲು. ಟವೆಲ್ಲಿನೊಳಗೆ ತಣ್ಣಗೆ, ಭಾರವಾಗಿ, ತಲೆಯಿಲ್ಲದ ಒಂದು ಮೈ. ಎದೆಗೆ ಅವಚಿಕೊಂಡೆ.

ಈಗ ಹೊರಗೆ ಹೋಗುವುದು ಹೇಗೆ? ಬಾಗಿಲು ಹೊರಗಿನಿಂದ ಮಾತ್ರ ತೆಗೆಯುವುದು!

ಆಗ ಮೇಲೆ ಹಾಡು ನಿಂತಿತು. ಒಂದು ಧ್ವನಿ ಎದ್ದಿತು. ಈ ಟ್ರಿಪ್ಪಿನಲ್ಲಿ ನನ್ನ ನಿದ್ದೆ ಕೆಡಿಸಿದ್ದ ಧ್ವನಿ.

"ನಿಲ್ಸಯ್ಯಾ! ಅರ್ಜೆಂಟು!"

"ನೋ ಸ್ಟಾಪ್!" ಅದು ಡ್ರೈವರ್.

"ನೋ ಸ್ಟಾಪ್ ಅಂದ್ರೆ? ನೀನು ಸ್ಟಾಪ್ ಮಾಡ್ಬೇಕು, ನನ್ ಕೈಲಿ ಆಗಲ್ಲ!"

"ಮಾವ, ಇನ್ನು ಸ್ವಲ್ಪ ದೂರ ಅಷ್ಟೇ" ಎಂದ ಕ್ಯಾಮೆರಾ, ಜೇನಿನಂಥ ಧ್ವನಿಯಲ್ಲಿ.

"ಸ್ವಲ್ಪ ದೂರ ನಿನಗೆ! ನನಗಲ್ಲ!"

ಆಮೇಲೆ ಅತ್ತೆಯ ಧ್ವನಿ. "ಅಯ್ಯೋ, ಆಗೇಹೋಯ್ತಲ್ಲ! ಪ್ಯಾಂಟೆಲ್ಲ ಹೋಯ್ತು! ನಿಲ್ಸ್ರೀ ಬಸ್ಸು! ಡಿಕ್ಕಿ ತೆಗೀರಿ! ಬೇರೆ ಪ್ಯಾಂಟು ಬೇಕು!"

ಮಾವಾ! ನಿನ್ನ ಮೂತ್ರಕೋಶಕ್ಕೆ ನನ್ನ ಕೋಟಿ ನಮಸ್ಕಾರ!

ಇಡೀ ಬಸ್ಸು ಒಂದಾಯಿತು. ಇಷ್ಟು ದಿನ ಯಾವುದಕ್ಕೂ ಒಂದಾಗದಿದ್ದ ಜನ! ನಾತ, ಗಲಾಟೆ, ಬೈಗುಳ. ಬ್ರೇಕು ಕಿರುಚಿತು. ಸೂಟ್‌ಕೇಸುಗಳೆಲ್ಲ ನನ್ನ ಮೇಲೆ ಬಂದವು.

"ನೋ ಓಪನ್! ನೋ ಓಪನ್!" ಡ್ರೈವರ್ ಹೊರಗೆ ಅರಚುತ್ತಿದ್ದ.

"ಸರಿಯೋ ಆಕಡೆ!" ಎಂದು ಅತ್ತೆ ತಾವೇ ಹಿಡಿ ಎಳೆದರು.

ಬೆಳಕು! ನನ್ನ ಮುಖ, ಅತ್ತೆಯ ಮುಖ, ಎದುರುಬದುರು.

"ಅಯ್ಯಯ್ಯೋ! ನೀವಿಲ್ಲಿದೀರಾ? ದೊಡ್ಡಮ್ಮನ ಜೊತೆ ಇದಾರೆ ಅಂದ್ರಲ್ಲ ಅವರು!" ಒಂದು ಕ್ಷಣ ಯೋಚಿಸಿದರು. "ಇರಲಿ... ಆ ನೀಲಿ ಸೂಟ್‌ಕೇಸ್ ಸ್ವಲ್ಪ ಈಕಡೆ ಕೊಡಿ."

ಕೊಟ್ಟೆ. ಅತ್ತೆಗಲ್ಲ, ಸ್ಪ್ಯಾನರ್ ಎತ್ತಿಕೊಂಡು ಓಡಿಬಂದ ಡ್ರೈವರಿನ ಮೂತಿಗೆ! ನೀಲಿ ಸೂಟ್‌ಕೇಸು ಬಾಯ್ತೆರೆಯಿತು. ಮಾವನ ಪ್ಯಾಂಟುಗಳು ರಸ್ತೆ ತುಂಬ ಹಾರಿದವು. ಡ್ರೈವರ್ ಒಂದು ಪ್ಯಾಂಟಿನ ಜೊತೆ ಕೆಳಗೆ ಬಿದ್ದ.

ಇಳಿಯಲು ಕಾಲು ಹಾಕಿದೆ. ತಲೆ ತಿರುಗಿತು. ಮಂಡಿ ಮಡಚಿತು. ಆ ಒಂದು ಕ್ಷಣ ಸಾಕಾಯಿತು. ಕ್ಯಾಮೆರಾ ನನ್ನ ಎದೆಯಿಂದ ಟವೆಲ್ಲಿನ ಗಂಟು ಕಿತ್ತುಕೊಂಡು ಓಡಿದ!

"ಹಿಡೀರಿ! ಕಳ್ಳ! ದೊಡ್ಡಮ್ಮನ ಬ್ಯಾಗಿಗೆ ಕಲ್ಲು ಇಡಿಸಿದೋನು ಅವನೇ!"

ಬಸ್ಸು ನಿಂತ ಜಾಗದ ಪಕ್ಕ ಒಂದು ಪೆಟ್ರೋಲ್ ಬಂಕು, ಅದನ್ನು ದಾಟಿದರೆ ಒಂದು ಸೇತುವೆ. ಓಡಿದ. ಓಡಿದೆ. ಮಂಡಿ ಒಂದೊಂದು ಹೆಜ್ಜೆಗೂ ನನಗೆ ಬೈಯುತ್ತಿತ್ತು. ಸೇತುವೆಯ ಆ ತುದಿಯಿಂದ ಒಂದು ಲಾರಿ ಬಂತು, ಅದರ ಹಿಂದೆ ಇನ್ನೊಂದು. ಅವನಿಗೆ ದಾರಿ ಇಲ್ಲ. ತಿರುಗಿದ. ಮೋಟುಗೋಡೆಗೆ ಒರಗಿ, ಟವೆಲ್ಲು ಬಿಚ್ಚಿ ಎಸೆದು, ಕಲ್ಲಿನ ಮೈಯನ್ನು ಗೋಡೆಯಾಚೆ ಹಿಡಿದ. ಕೆಳಗೆ ಒಣಗಿದ ಕಾಲುವೆ, ಬರೀ ಬಂಡೆ.

"ಹತ್ರ ಬಂದ್ರೆ ಬಿಟ್ಬಿಡ್ತೀನಿ!"

ನಿಂತೆ.

"ಇದು ಪುಡಿಯಾದ್ರೆ ಆ ಮುದುಕಿಗೆ ಸಾಕ್ಷಿ ಎಲ್ಲಿದೆ? ಹೇಳಿ ಸರ್! ನನ್ ಪಾಡಿಗೆ ನನ್ನ ಬಿಡಿ. ಕಲ್ಲು ಇಲ್ಲೇ ಇಟ್ಟು ಹೋಗ್ತೀನಿ."

"ಇಡು ಮೊದಲು!"

"ನೀವು ಹಿಂದೆ ಹೋಗಿ ಮೊದಲು!"

ಅಡಕತ್ತರಿ! ಮುಂದೆ ಹೋದರೆ ದೊಡ್ಡಮ್ಮ ಜೈಲಿಗೆ. ಹಿಂದೆ ಹೋದರೆ ಅವನ ಮಾತನ್ನು ನಂಬಬೇಕು. ಏನು ಮಾಡಲಿ? ಏನು ಮಾಡಲಿ?

ಆಗ ನನ್ನ ಬೆನ್ನ ಹಿಂದೆ... ಕ್ಲಿಕ್.

ಕ್ಲಿಕ್. ಕ್ಲಿಕ್. ಕ್ಲಿಕ್ ಕ್ಲಿಕ್ ಕ್ಲಿಕ್!

ತಿರುಗಿ ನೋಡಿದೆ. ಇಡೀ ಗ್ರೂಪು ಸೇತುವೆ ಮೇಲೆ ಸಾಲಾಗಿ ನಿಂತಿತ್ತು. ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನೂ ಅವನ ಕಡೆಗೆ. ಈ ಜನ ಏನು ಕಂಡರೂ ಫೋಟೋ ತೆಗೆಯುತ್ತಾರೆ ಎಂದು ಇಷ್ಟು ದಿನ ನಾನು ಹಲ್ಲು ಕಡಿದಿದ್ದೆ. ಸೊಂಟಕ್ಕೆ ಸೀಟಿನ ಕವರು ಸುತ್ತಿಕೊಂಡ ಸಕ್ಕರೆ ಮಾವ ಎಲ್ಲರಿಗಿಂತ ಮುಂದೆ!

"ಅಳ್ಳಾಡಬೇಡಪ್ಪಾ!" ಎಂದರು ಮಾವ. "ಆ ಬೊಂಬೆ ಸ್ವಲ್ಪ ಮೇಲೆ ಹಿಡಿ. ಫೋಕಸ್ ಆಗ್ತಿಲ್ಲ!"

ಇಡೀ ಟ್ರಿಪ್ಪಿನಲ್ಲಿ ಒಂದೇ ಒಂದು ಫೋಟೋದಲ್ಲೂ ಇಲ್ಲದ ಮನುಷ್ಯ ಅವನು. ಎಲ್ಲರ ಫೋಟೋ ತಾನೇ ತೆಗೆದು ತಾನು ಮಾತ್ರ ತಪ್ಪಿಸಿಕೊಂಡವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ... ಅವನ ಕೈ ತಾನಾಗಿ ಮುಖಕ್ಕೆ ಹೋಯಿತು! ಎರಡೂ ಕೈ!

ಕಲ್ಲು ಗೋಡೆಯ ಅಂಚಿಗೆ ತಗುಲಿ ಈ ಕಡೆಗೆ ಜಾರಿತು.

ಹಾರಿದೆ. ಮಂಡಿ ಇದೆಯೋ ಹೋಯಿತೋ ನೋಡಲಿಲ್ಲ. ರಸ್ತೆಗೆ ಬೆನ್ನು ಕೊಟ್ಟು ಬಿದ್ದೆ. ಕಲ್ಲು ನನ್ನ ಪಕ್ಕೆಯ ಮೇಲೆ ಬಿತ್ತು. ಒಳಗೆ ಏನೋ ಲಟಕ್ ಅಂದಿತು...

ಕಲ್ಲಲ್ಲ. ನನ್ನ ಮೂಳೆ. ದೇವರು ದೊಡ್ಡವನು.

ಮುಂದಿನದನ್ನು ಅತ್ತೆ ನೋಡಿಕೊಂಡರು. ಅವರ ಹಿಂದೆ ಮೂವತ್ತು ಜನ ನೋಡಿಕೊಂಡರು. ಬಂಕಿನವರು ಬಂದು ಬಿಡಿಸದಿದ್ದರೆ ಕ್ಯಾಮೆರಾ ಕೂಡ ಎರಡು ತುಂಡಾಗುತ್ತಿದ್ದ. ಪಾಸ್‌ಪೋರ್ಟಿನ ಪೌಚು, ನನ್ನ ಫೋನು ಎರಡೂ ಅವನ ಅಂಗಿಯೊಳಗೆ ಸಿಕ್ಕಿದವು. ಡ್ರೈವರ್ ಮಾತ್ರ ಬಸ್ಸಿನ ಕೀ ಸಮೇತ ಹೊಲಕ್ಕೆ ಬಿದ್ದು ಓಡಿದ್ದ. ಫ್ಲೈಟಿನ ಆಸೆಯೂ ಅವನ ಹಿಂದೆಯೇ ಓಡಿತು.

ಪೊಲೀಸ್ ಜೀಪಿನಲ್ಲಿ ಚೆಕ್‌ಪೋಸ್ಟಿಗೆ ವಾಪಸು ಬಂದೆ. ಬಿಸಿಲು ಇಳಿಯುತ್ತಿತ್ತು. ಆಫೀಸರ್ ಮೇಜಿನ ಮೇಲೆ ಮೈಯನ್ನು ನಿಲ್ಲಿಸಿದ. ತಲೆಯನ್ನು ತಂದು ಕತ್ತಿನ ಮೇಲೆ ಮೆಲ್ಲಗೆ ಇಟ್ಟ. ಬಿಳಿ ಗುರುತು ಬಿಳಿ ಗುರುತಿಗೆ ಕೂಡಿತು. ಮಾವ ತೆಗೆದು ನನ್ನ ಫೋನಿಗೆ ಕಳಿಸಿದ್ದ ಫೋಟೋ ತೋರಿಸಿದೆ. ಮುಖ, ಕೈ, ಕಲ್ಲು... ಫೋಕಸ್ ಚೆನ್ನಾಗಿಯೇ ಇತ್ತು. ಒಳಗಿನ ಕಾವಲುಗಾರರಲ್ಲಿ ಒಬ್ಬನ ಮುಖ ಸುಣ್ಣವಾಯಿತು. ಅವನನ್ನೂ ಕೂರಿಸಿಕೊಂಡರು. ತಲೆಯನ್ನು ಬ್ಯಾಗಿಗೆ ಇಟ್ಟ ಕೈ ಅವನದೇ ಎಂದು ಅಲ್ಲೇ ಬಾಯಿ ಬಿಟ್ಟ.

"ಆಕೆ ಹೋಗಬಹುದು" ಎಂದ ಆಫೀಸರ್. ಒಂದು 'ಸಾರಿ' ಕೂಡ ಹೇಳಲಿಲ್ಲ, ಪುಣ್ಯಾತ್ಮ.

ನನ್ನ ಫೋನು ಬಡಿದುಕೊಳ್ಳತೊಡಗಿತು. ಧಣಿ. "ಫ್ಲೈಟ್ ಮಿಸ್ ಮಾಡಿದ್ಯಾ? ನಿನ್ನ ಕೆಲಸ ಇವತ್ತಿಗೆ ಮುಗೀತು!" ಎಂದು ಶುರುಮಾಡಿದ. ಪೂರ್ತಿ ಕೇಳುವಷ್ಟು ಮೂಳೆ ನನ್ನಲ್ಲಿ ಉಳಿದಿರಲಿಲ್ಲ. ಕಟ್ ಮಾಡಿದೆ.

ಒಳಗೆ ಹೋದೆ. ತಲೆಗೆ ಬ್ಯಾಂಡೇಜು, ಪಕ್ಕೆಗೆ ಪಟ್ಟಿ, ಒಂದು ಕಾಲು ಎಳೆಯುತ್ತಾ. ದೊಡ್ಡಮ್ಮ ಅದೇ ಬೆಂಚಿನ ಮೇಲೆ, ಅದೇ ಕಿಟಕಿ ಪಕ್ಕ ಕೂತಿದ್ದರು. ಅತ್ತು ಅತ್ತು ಸೊರಗಿರುತ್ತಾರೆ ಅಂದುಕೊಂಡಿದ್ದೆ. ಮುಖ ಬೆಳಗುತ್ತಿತ್ತು.

"ದೊಡ್ಡಮ್ಮಾ, ಬಿಡುಗಡೆ ಆಯ್ತು. ಏಳಿ, ಹೋಗೋಣ."

ಅವರು ಏಳಲಿಲ್ಲ. ನನ್ನ ಬ್ಯಾಂಡೇಜು ನೋಡಿ ಕೈ ಹಿಡಿದುಕೊಂಡರು. ಗಟ್ಟಿಯಾಗಿ, ಬಹಳ ಹೊತ್ತು. ಕಣ್ಣಲ್ಲಿ ನೀರು ತುಂಬಿತ್ತು. "ಬರ್ತೀಯ ಅಂತ ಗೊತ್ತಿತ್ತು ಕಣೋ" ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಕಿಟಕಿ ತೋರಿಸಿದರು.

ಕಿಟಕಿಯ ತುಂಬ ಕಂಬಗಳು! ಇಡೀ ಮಂಟಪ ಎದುರಿಗೇ ಇತ್ತು. ಇಳಿಬಿಸಿಲಿಗೆ ಒಂದೊಂದು ಕಂಬವೂ ಒಂದೊಂದು ಬಣ್ಣ.

"ಊಟದ ಹೊತ್ತಿಂದ ನೋಡ್ತಾನೇ ಇದೀನಿ" ಎಂದರು. "ನೆರಳು ಆ ಕಂಬದಿಂದ ಈ ಕಂಬಕ್ಕೆ ಬರೋದನ್ನೂ ನೋಡಿದೆ. ಆ ಆಫೀಸರ್ರು ಎರಡು ಸಲ ಟೀ ಕೂಡ ಕೊಡಿಸಿದ್ರು. ಬೇಜಾರು ಮಾಡ್ಕೋಬೇಡಪ್ಪಾ... ನಿನ್ನ ಟೂರಿಗಿಂತ ಪೊಲೀಸರ ಟೂರೇ ಚೆನ್ನಾಗಿತ್ತು."

ಏನು ಹೇಳಲಿ ಸ್ವಾಮಿ? ಅದೇ ಬಸ್ಸು, ಅದೇ ಪ್ಯಾಕೇಜು. ಅವರಿಗೆ ಕೊನೆಗೂ ಕಿಟಕಿ ಸೀಟು ಸಿಕ್ಕಿತು... ನನಗೆ ಡಿಕ್ಕಿ!